ಮೈಕಿನವನ ಷರಾ

ಕಲಬುರಗಿಯಲ್ಲಿ ಯಾರಿಗೆ ಸಿಟ್ಟು ಬಂದರೂ ಮೊದಲ ಫೋನ್ ನನಗೆ ಬರುತ್ತದೆ. ತೊಗರಿ ಬೆಲೆ ಬೀಳಲಿ, ಹಾಸ್ಟೆಲಿನ ಅನ್ನದಲ್ಲಿ ಹುಳ ಸಿಗಲಿ, ಅಂಗನವಾಡಿ ಕಾರ್ಯಕರ್ತೆಯರ ಗೌರವಧನ ತಡವಾಗಲಿ, ‘ಕಾಕಾ, ನಾಳೆ ಹನ್ನೊಂದಕ್ಕೆ ಜಗತ್ ವೃತ್ತಕ್ಕೆ ಒಂದು ಸೆಟ್ ಬೇಕು’ ಎಂಬ ಕರೆ ಹಿಂದಿನ ರಾತ್ರಿಯೇ ಬಂದಿರುತ್ತದೆ. ಒಂದು ಸೆಟ್ ಎಂದರೆ ಒಂದು ಆಂಪ್ಲಿಫೈಯರ್, ಎರಡು ಹಾರ್ನ್, ಒಂದು ಕೈಮೈಕು, ಒಂದು ಬ್ಯಾಟರಿ. ಎಲ್ಲವನ್ನೂ ಆಟೊದ ಮೇಲೆ ಕಟ್ಟಿ ಕಳಿಸುತ್ತೇವೆ. ಅಹೋರಾತ್ರಿ ಧರಣಿಯಾದರೆ ಶಾಮಿಯಾನ, ಜಮಖಾನೆಯೂ ಸೇರುತ್ತವೆ. ಅಪ್ಪ ಹಾಕಿದ ಅಂಗಡಿ ಇದು. ಇಪ್ಪತ್ತಾರು ವರ್ಷಗಳಿಂದ ನಾನು ನಡೆಸುತ್ತಿದ್ದೇನೆ. ಕೆಂಪು, ನೀಲಿ, ಕೇಸರಿ, ಹಸಿರು ಎಲ್ಲ ಬಣ್ಣದ ಬಾವುಟವನ್ನೂ ನನ್ನ ಹಾರ್ನಿನ ಕಂಬಕ್ಕೆ ಕಟ್ಟಿದ್ದಾರೆ. ಬಿಚ್ಚಿಕೊಂಡು ಹೋಗುವುದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಗೋದಾಮಿನ ಮೂಲೆಯಲ್ಲಿ ಬಾವುಟಗಳದ್ದೇ ಒಂದು ಗಂಟು ಇದೆ.

ಅಪ್ಪನ ಕಾಲದಿಂದಲೂ ಅಂಗಡಿಯಲ್ಲಿ ಒಂದು ಉದ್ದನೆಯ ವಹಿ ಇದೆ. ತಾರೀಖು, ಯಾರು, ಎಲ್ಲಿ, ಏನು ಸಾಮಾನು, ಎಷ್ಟು ಹೊತ್ತು, ಮುಂಗಡ, ಬಾಕಿ, ಕೊನೆಗೆ ಷರಾ. ಷರಾ ಕಾಲಮ್ಮನ್ನು ಅಪ್ಪ ಹಾಕಿದ್ದು ಒಡೆದ ಸಾಮಾನಿನ ಲೆಕ್ಕಕ್ಕೆ. ನಾನು ಅದರಲ್ಲಿ ಸ್ವಲ್ಪ ಹೆಚ್ಚೇ ಬರೆಯುತ್ತಾ ಬಂದೆ: ‘10ಕ್ಕೆ ಬಂದ್’, ‘ಪೊಲೀಸರು ಬಂದ್ ಮಾಡಿಸಿದರು’, ‘ಪೊಲೀಸರೇ ವೈರ್ ಎತ್ತಿ ಹಿಡಿದು ದಾರಿ ಕೊಟ್ಟರು’, ‘ಮನವಿ ಕೊಟ್ಟು ಎದ್ದರು’, ‘ಗಲಾಟೆ, ಹಾರ್ನ್ 1 ಹೋಯಿತು’. ಕಳೆದ ತಿಂಗಳು ಗೆದ್ದಲು ಹಿಡಿದಿದೆಯೇ ಎಂದು ನೋಡಲು ಹಳೆಯ ವಹಿಗಳನ್ನು ಬಿಸಿಲಿಗೆ ಹರವಿದವನು, ಷರಾಗಳನ್ನು ಓದುತ್ತಾ ಕೂತುಬಿಟ್ಟೆ. ಚಹಾ ತಣ್ಣಗಾಯಿತು. ಓದಿದ ಮೇಲೆ ಇದನ್ನು ಬರೆಯಬೇಕು ಅನ್ನಿಸಿತು.

ಪೊಲೀಸರು ಹೊಡೆಯುತ್ತಾರೆ ಎಂಬ ಸುದ್ದಿ ಹೊಸದಲ್ಲ. ಯಾವಾಗ ಹೊಡೆಯುತ್ತಾರೆ, ಯಾವಾಗ ಇಲ್ಲ ಎಂಬುದಕ್ಕೆ ನನ್ನ ವಹಿಯಲ್ಲಿ ಯಾವ ಸೂತ್ರವೂ ಸಿಗುವುದಿಲ್ಲ ಎಂಬುದು ನನ್ನನ್ನು ಕಾಡಿತು. ಅದೇ ರಸ್ತೆ, ಅದೇ ಹೊತ್ತು, ಹೆಚ್ಚು ಕಡಿಮೆ ಅಷ್ಟೇ ಜನ. ಒಂದು ದಿನ ರಸ್ತೆ ತಡೆದವರಿಗೆ ನೀರಿನ ಕ್ಯಾನು ಬಂದಿದೆ, ಇನ್ನೊಂದು ದಿನ ಲಾಠಿ ಬಂದಿದೆ.

ಎರಡು ದಿನಗಳ ಕತೆ ಹೇಳುತ್ತೇನೆ.

ಮೊದಲನೆಯದು 2022ರದ್ದು. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯ ಅಕ್ರಮ ಹೊರಬಿದ್ದ ವರ್ಷ. ನಮ್ಮ ಊರಿನ ಪರೀಕ್ಷಾ ಕೇಂದ್ರವೊಂದರಿಂದಲೇ ಅದರ ಎಳೆ ಬಿಚ್ಚಿಕೊಂಡದ್ದು, ಏಪ್ರಿಲ್ ಕೊನೆಗೆ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿದ್ದು ಎಲ್ಲರಿಗೂ ಗೊತ್ತು. ಕಷ್ಟಪಟ್ಟು ಓದಿ ಬರೆದಿದ್ದ ಒಂದಿಷ್ಟು ಹುಡುಗರು ನನ್ನಿಂದ ಸೆಟ್ ಒಯ್ದರು. ಅವರ ಕೈಯಲ್ಲಿ ದುಡ್ಡಿರಲಿಲ್ಲ. ಅರ್ಧ ಬಾಡಿಗೆಗೆ ಕೊಟ್ಟೆ. ಸಬ್ ಇನ್‌ಸ್ಪೆಕ್ಟರ್ ಆಗಬೇಕೆಂದಿದ್ದ ಹುಡುಗರು ಸಬ್ ಇನ್‌ಸ್ಪೆಕ್ಟರುಗಳ ಎದುರೇ ಧಿಕ್ಕಾರ ಕೂಗುತ್ತಾ ನಿಂತಿದ್ದರು. ಬಿಸಿಲಿಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಹನ್ನೆರಡರ ಹೊತ್ತಿಗೆ ಅವರು ರಸ್ತೆಯ ನಡುವೆ ಕೂತುಬಿಟ್ಟರು. ಸೂಪರ್ ಮಾರ್ಕೆಟ್ ಕಡೆಯಿಂದ ಬಂದ ಬಸ್ಸುಗಳು ಒಂದರ ಹಿಂದೆ ಒಂದು ನಿಂತವು.

ಆಗ ಒಬ್ಬ ಇನ್‌ಸ್ಪೆಕ್ಟರು ನೇರ ನನ್ನ ಆಟೊ ಬಳಿ ಬಂದರು. ಆಯಿತು, ಇವತ್ತು ಆಂಪ್ಲಿಫೈಯರ್ ಠಾಣೆಗೆ ಹೋಯಿತು ಎಂದುಕೊಂಡು ಎದ್ದು ನಿಂತೆ. ಅವರು ಕೈ ಚಾಚಿ, ‘ತಮ್ಮಾ, ಮೈಕ್ ಕೊಡು’ ಎಂದರು. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ತಮ್ಮಾ. ಕೊಟ್ಟೆ. ಆಟೊದ ಅಂಚಿಗೆ ಹತ್ತಿ ನಿಂತು, ಮೈಕ್ ಹಿಡಿದವರೆಲ್ಲ ಮಾಡುವಂತೆ ಎರಡು ಸಲ ಊದಿ ‘ಹಲೋ ಹಲೋ’ ಎಂದರು. ಹುಡುಗರು ನಕ್ಕರು. ಅವರೂ ನಕ್ಕರು. ಆಮೇಲೆ ಹೇಳಿದ್ದು ಇಷ್ಟೇ: ‘ನಿಮ್ಮ ಮನವಿ ತೆಗೆದುಕೊಳ್ಳಲು ಅಧಿಕಾರಿಗಳು ಬರುತ್ತಿದ್ದಾರೆ. ಒಂದು ಬದಿಯ ರಸ್ತೆ ಬಿಡಿ. ಈಗ ಹನ್ನೆರಡೂ ಹತ್ತು. ಹನ್ನೆರಡೂವರೆಯ ತನಕ ನೋಡುತ್ತೇನೆ. ಆಮೇಲೆ ಕೂತವರನ್ನು ಎತ್ತಿ ಬಸ್ಸಿಗೆ ಹಾಕುತ್ತೇವೆ, ಸಂಜೆಗೆ ಬಿಡುತ್ತೇವೆ. ಯಾರ ಮೇಲೂ ಲಾಠಿ ಎತ್ತುವುದಿಲ್ಲ, ನೀವೂ ಕಲ್ಲು ಮುಟ್ಟಬೇಡಿ.’ ಇದನ್ನೇ ಮತ್ತೆ ಒಂದು ಸಲ ಹೇಳಿದರು. ಉರ್ದುವಿನಲ್ಲಿಯೂ ಹೇಳಿದರು. ಮೈಕನ್ನು ಹುಡುಗರ ಮುಖಂಡನ ಕೈಗೇ ಕೊಟ್ಟು ಇಳಿದರು.

ಹನ್ನೆರಡೂ ಇಪ್ಪತ್ತೈದಕ್ಕೆ ಮುಕ್ಕಾಲು ಪಾಲು ಜನ ಬದಿಗೆ ಸರಿದಿದ್ದರು. ಮೂವತ್ತು ಮೂವತ್ತೈದು ಜನ ಏಳಲಿಲ್ಲ. ಅವರಿಗೂ ಫೋಟೊ ಬೇಕಲ್ಲ. ಅವರನ್ನು ಎತ್ತಿ ಬಸ್ಸಿಗೆ ಹಾಕಿದರು. ಒಬ್ಬನ ಅಂಗಿ ಹರಿಯಿತು, ಇನ್ನೊಬ್ಬನ ಕನ್ನಡಕ ಬಿತ್ತು, ಒಬ್ಬ ಕಾನ್‌ಸ್ಟೆಬಲ್ ಅದನ್ನು ಹೆಕ್ಕಿ ಕಿಟಕಿಯಿಂದ ಕೊಟ್ಟ. ಬಸ್ ಹೊರಟಾಗಲೂ ಒಳಗಿನಿಂದ ಘೋಷಣೆ ಕೇಳುತ್ತಿತ್ತು. ಷರಾದಲ್ಲಿ ಬರೆದಿದ್ದೇನೆ: ‘ಇನ್‌ಸ್ಪೆಕ್ಟರ್ ಮೈಕ್ ಪಡೆದರು. ನಷ್ಟ ಇಲ್ಲ.’

ಎರಡನೆಯ ದಿನ ಯಾವ ವರ್ಷದ್ದು, ಯಾವ ತಾಲ್ಲೂಕಿನದು ಎಂದು ಹೇಳುವುದಿಲ್ಲ. ಆ ಅಧಿಕಾರಿ ಈಗ ಅಲ್ಲಿಲ್ಲ. ನಾನು ಮಾತ್ರ ಅಲ್ಲಿಗೆ ಇನ್ನೂ ಸೆಟ್ ಕಳಿಸಬೇಕು. ಉದ್ಯೋಗ ಖಾತ್ರಿಯ ಕೂಲಿ ಬಾಕಿ ಕೇಳಿಕೊಂಡು ಬಂದವರು, ಹೆಂಗಸರೇ ಹೆಚ್ಚು. ರೊಟ್ಟಿ ಗಂಟು ಕಟ್ಟಿಕೊಂಡು ಬಂದು ಕಚೇರಿಯ ಗೇಟಿನ ಎದುರು ಕೂತಿದ್ದರು. ಗೇಟು ಕಟ್ಟಿ ಕೂತದ್ದು ತಪ್ಪೇ, ಸಂಬಳದವರು ಒಳಗೆ ಸಿಕ್ಕಿಕೊಂಡಿದ್ದರು. ಮಧ್ಯಾಹ್ನ ಎರಡಾಯಿತು, ಮೂರಾಯಿತು, ಹೊರಗೆ ಬಂದು ಮಾತಾಡುವವರು ಯಾರೂ ಇಲ್ಲ. ಸುಮಾರು ಇಪ್ಪತ್ತು ಗಜ ದೂರದಲ್ಲಿ ಜೀಪಿನ ಪಕ್ಕ ಒಬ್ಬ ಅಧಿಕಾರಿ ನಿಂತು ಕೈ ಬೀಸಿ ಏನೋ ಹೇಳಿದ್ದು ಕಂಡಿತು. ಕಂಡಿತು ಎಂದೇ ಬರೆಯುತ್ತೇನೆ, ಏಕೆಂದರೆ ಕೇಳಲಿಲ್ಲ. ನನ್ನ ಎರಡು ಹಾರ್ನುಗಳೂ ಆ ಕಡೆಗೇ ಮುಖ ಮಾಡಿದ್ದವು, ಅವುಗಳಲ್ಲಿ ‘ಬೇಕೇ ಬೇಕು’ ನಡೆಯುತ್ತಿತ್ತು. ಹಾರ್ನಿನ ಎದುರು ನಿಂತು ಬಾಯಲ್ಲಿ ಮಾತಾಡಿದರೆ ಪಕ್ಕದಲ್ಲಿದ್ದವನಿಗೂ ಕೇಳುವುದಿಲ್ಲ ಎಂಬುದು ನನ್ನ ಅಂಗಡಿಯ ಹುಡುಗನಿಗೂ ಗೊತ್ತು.

ನಂತರ ಸೀಟಿ.

ಅಷ್ಟರ ಮೇಲೆ ನಡೆದದ್ದನ್ನು ನಾನು ಆಟೊದ ಹಿಂದೆ ಕುಕ್ಕರುಗಾಲಲ್ಲಿ ಕೂತು ನೋಡಿದೆ, ಆದ್ದರಿಂದ ಹೆಚ್ಚು ಕಂಡಿಲ್ಲ. ಕಾಲುಗಳು ಕಂಡವು. ಬೂಟು, ಬರಿಗಾಲು, ಉರುಳಿದ ನೀರಿನ ತಂಬಿಗೆ. ಒಬ್ಬ ಅಜ್ಜಿ ಆಂಪ್ಲಿಫೈಯರಿನ ಮೇಲೆ ಬಿದ್ದರು. ಲಾಠಿ ತಪ್ಪಿಸಲು ಕೈ ಅಡ್ಡ ಹಿಡಿದಿದ್ದರು, ಪೆಟ್ಟು ಮಣಿಕಟ್ಟಿಗೆ ಬಿದ್ದಿತ್ತು. ಹಸಿರು ಗಾಜಿನ ಬಳೆ ಒಡೆದು ಚೂರುಗಳು ಚರ್ಮದೊಳಗೆ ಹೋಗಿದ್ದವು. ಅವರು ಅಳಲಿಲ್ಲ. ‘ಯಪ್ಪಾ, ನಿನ್ನ ಡಬ್ಬಿಗೆ ರಕ್ತ ಆಯಿತು’ ಎಂದು ಸೆರಗಿನಿಂದ ಅದನ್ನು ಒರೆಸಲು ಹೋದರು. ಆ ಆಂಪ್ಲಿಫೈಯರು ಈಗಲೂ ಓಡುತ್ತಿದೆ. ಮುಚ್ಚಳದ ಗಾಳಿಕಿಂಡಿಯಲ್ಲಿ ಸಿಕ್ಕಿದ್ದ ಒಂದು ಬಳೆಚೂರನ್ನು ರಿಪೇರಿಯವನು ಎರಡು ವರ್ಷದ ನಂತರ ಚಿಮಟದಿಂದ ತೆಗೆದು ಮೇಜಿನ ಮೇಲಿಟ್ಟ.

ಮರುದಿನದ ಪತ್ರಿಕೆಯಲ್ಲಿ ಬಂದದ್ದು: ‘ಎಚ್ಚರಿಕೆ ನೀಡಿದರೂ ಚದುರದ ಕಾರಣ ಲಘು ಲಾಠಿ ಪ್ರಹಾರ.’ ಈ ‘ಲಘು’ ಎಂಬ ಪದವನ್ನು ನಮ್ಮ ಪತ್ರಿಕೆಗಳು ಎರಡೇ ಕಡೆ ಬಳಸುತ್ತವೆ, ಉಪಾಹಾರಕ್ಕೆ ಮತ್ತು ಲಾಠಿಗೆ. ಭಾರೀ ಲಾಠಿ ಪ್ರಹಾರ ಎಂದು ಪೊಲೀಸರ ಹೇಳಿಕೆಯಲ್ಲಿ ಬಂದದ್ದನ್ನು ನಾನಂತೂ ಈವರೆಗೆ ಓದಿಲ್ಲ. ನನ್ನ ಷರಾ: ‘ಗಲಾಟೆ. ಹಾರ್ನ್ 1 ಚಪ್ಪಟೆ. ಬಾಕಿ ಕೇಳಬಾರದು.’

ಎರಡು ತಿಂಗಳ ನಂತರ ಅದೇ ಪಟ್ಟಣದಲ್ಲಿ ಒಬ್ಬ ದೊಡ್ಡವರ ಹುಟ್ಟುಹಬ್ಬದ ಮೆರವಣಿಗೆ. ಈ ಸಲ ನನ್ನದು ಆಟೊ ಸೆಟ್ ಅಲ್ಲ, ಲಾರಿ ತುಂಬ ಬಾಕ್ಸು. ಅದೇ ಗೇಟಿನ ಎದುರು ಮೂರು ತಾಸು ರಸ್ತೆ ಬಂದ್. ಆಂಬುಲೆನ್ಸ್ ಒಂದು ಸುತ್ತುಬಳಸಿ ಹೋಯಿತು. ಪೊಲೀಸರು ಮುಂದೆ ಮುಂದೆ ನಡೆದು ಜನರನ್ನು ಸರಿಸಿ ಲಾರಿಗೆ ದಾರಿ ಮಾಡಿಕೊಟ್ಟರು, ತಗ್ಗಾಗಿ ಜೋತುಬಿದ್ದ ಕರೆಂಟಿನ ವೈರನ್ನು ಲಾಠಿಯಿಂದಲೇ ಎತ್ತಿ ಹಿಡಿದರು. ಲಾಠಿಗೆ ಇಂಥ ಸದುಪಯೋಗವೂ ಇದೆ! ಬಳೆ ಒಡೆದದ್ದೂ ಅಂಥದೇ ಲಾಠಿ. ಎರಡೂ ದಿನ ಅದೇ ಠಾಣೆ, ಅವೇ ಕಾಯ್ದೆ.

ಕಾಯ್ದೆ ಏನು ಹೇಳುತ್ತದೆ ಎಂದು ತಿಳಿದುಕೊಳ್ಳುವ ಚಟ ನನಗೆ ಹತ್ತಿದ್ದು ಆ ಅಜ್ಜಿಯ ನಂತರ. ನಮ್ಮಲ್ಲಿ ಹೈಕೋರ್ಟ್ ಪೀಠ ಇರುವುದರಿಂದ ವಕೀಲ ಗಿರಾಕಿಗಳಿಗೆ ಬರವಿಲ್ಲ. ಸಮಾರಂಭಕ್ಕೆ ಮೈಕ್ ಒಯ್ದವರು ಬಾಕಿ ಕೊಡುವ ಬದಲು ಕಾನೂನು ಹೇಳಿ ಹೋಗುತ್ತಾರೆ. ಅವರಿಂದ ತಿಳಿದದ್ದು ಇಷ್ಟು. ಆಯುಧವಿಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲಿದೆ, ಸಾರ್ವಜನಿಕ ಸುವ್ಯವಸ್ಥೆಗಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹಾಕಬಹುದು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ಶಾಂತಿ ಕೆಡುವ ಹಾಗಿದ್ದರೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿಯೋ ಠಾಣೆಯ ಮುಖ್ಯಾಧಿಕಾರಿಯೋ ಅವರು ಇಲ್ಲದಾಗ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯೋ ಚದುರಲು ಆಜ್ಞೆ ಮಾಡಬಹುದು. ಚದುರದಿದ್ದರೆ, ಅಥವಾ ಚದುರುವುದಿಲ್ಲ ಎಂದು ಹಟ ತೋರಿದರೆ, ಆಮೇಲೆ ಬಲಪ್ರಯೋಗ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 129ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 148. ನಿಷೇಧಾಜ್ಞೆಯ 144 ಈಗ 163 ಆಗಿದೆ, ಆದರೆ ನಮ್ಮ ಗಂಜ್ ಮಾರುಕಟ್ಟೆಯ ಹಮಾಲರು ಇವತ್ತಿಗೂ ‘ನೂರಾ ನಲವತ್ತನಾಲ್ಕು ಬಿದ್ದಿದೆ’ ಎಂದೇ ಹೇಳುತ್ತಾರೆ.

ಆಜ್ಞೆ ಮೊದಲು, ಬಲ ಆಮೇಲೆ. ಮೈಕಿನವನಾದ ನನಗೆ ಈ ಸಾಲು ಓದಿದಾಗ ಮೊದಲು ಬಂದ ಪ್ರಶ್ನೆ, ಆ ಆಜ್ಞೆ ಎಷ್ಟು ದೂರ ಕೇಳಬೇಕು ಎಂಬುದು. ನೂರು ಜನರ ಸಭೆಗೂ ಒಂದು ಹಾರ್ನ್ ಬೇಕೆಂದು ಗಿರಾಕಿಗಳು ನನ್ನ ಬಳಿ ಬರುತ್ತಾರೆ. ಐನೂರು ಜನರನ್ನು ಚದುರಿಸುವ ಆಜ್ಞೆ ಬಾಯಿಮಾತಿನಲ್ಲಿ ಮುಗಿಯುತ್ತದೆ. ಕೇಳದ ಎಚ್ಚರಿಕೆಯನ್ನು ಕೊಟ್ಟ ಎಚ್ಚರಿಕೆ ಎಂದು ಹೇಗೆ ಎಣಿಸುತ್ತಾರೋ ನನಗೆ ತಿಳಿಯದು. ಶಬ್ದದ ವಿಷಯಕ್ಕೆ ಬಂದರೆ ನಮ್ಮಂಥವರಿಗೆ ಅಳತೆ ಬಹಳ ಕಟ್ಟುನಿಟ್ಟು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶದಲ್ಲಿ 65 ಮತ್ತು 55. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಧ್ವನಿವರ್ಧಕ ಬಂದ್. ಹಾರ್ನ್ ಎಷ್ಟು ಕೂಗಬಾರದು ಎಂಬುದಕ್ಕೆ ಇಷ್ಟು ಲೆಕ್ಕ ಇಟ್ಟವರು, ಪೊಲೀಸರ ಎಚ್ಚರಿಕೆ ಕನಿಷ್ಠ ಎಷ್ಟು ಕೇಳಬೇಕು ಎಂಬುದಕ್ಕೂ ಒಂದು ಅಂಕಿ ಹಾಕಿದ್ದರೆ ಆ ಅಜ್ಜಿಯ ಕೈ ಉಳಿಯುತ್ತಿತ್ತು.

ನಮ್ಮ ಭಾವ ಮೀಸಲು ಪಡೆಯಲ್ಲಿದ್ದು ನಿವೃತ್ತರಾದವರು. ಅವರ ಎದುರು ಹೀಗೆಲ್ಲ ಮಾತಾಡಿದರೆ ಮೊದಲು ಮೌನ, ಆಮೇಲೆ ಒಂದು ಕವಳ, ಆಮೇಲೆ ಪಾಠ. 1964ರಲ್ಲಿ ಪೊಲೀಸ್ ಮಹಾನಿರೀಕ್ಷಕರ ಸಮ್ಮೇಳನ ಒಪ್ಪಿದ ಮಾದರಿ ನಿಯಮಗಳೇ ಇವೆ. ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು, ಲಾಠಿಗೆ ಮೊದಲು ಬ್ಯೂಗಲ್ ಅಥವಾ ಸೀಟಿಯೊಡನೆ ಸ್ಪಷ್ಟ ಎಚ್ಚರಿಕೆ ಕೊಡಬೇಕು, ಪೆಟ್ಟು ಮೈಯ ಮೆತ್ತನೆಯ ಭಾಗಕ್ಕೆ ಬೀಳಬೇಕು, ತಲೆ ಮತ್ತು ಕೊರಳೆಲುಬು ತಪ್ಪಿಸಬೇಕು ಎಂದು ಅದರಲ್ಲಿದೆ. ಭಾವ ಎದ್ದು, ಅಂಗಳದಲ್ಲಿದ್ದ ಜೋಳದ ದಂಟು ಹಿಡಿದು ಮಾಡಿ ತೋರಿಸಿದರು. ದಂಟು ನೆಲಕ್ಕೆ ಸಮಾನಾಂತರವಾಗಿ, ತೊಡೆಯ ಮಟ್ಟದಲ್ಲಿ ಬೀಸಿಬಂತು. ಎಪ್ಪತ್ತರ ಹತ್ತಿರದ ಮನುಷ್ಯ, ಆದರೂ ತೋಳು ಭುಜಕ್ಕಿಂತ ಮೇಲೆ ಏಳಲಿಲ್ಲ. ‘ತೋಳು ಮೇಲೆ ಹೋಯಿತೆಂದರೆ ಅವನು ಹೆದರಿದ್ದಾನೆ ಇಲ್ಲವೇ ಸಿಟ್ಟಾಗಿದ್ದಾನೆ ಎಂದು ತಿಳಿ. ಎರಡರಲ್ಲಿ ಯಾವುದಾದರೂ ಅವನನ್ನು ಹಿಂದಕ್ಕೆ ಎಳೆಯಬೇಕು’ ಎಂದರು.

‘ಮತ್ತೆ ಎಳೆಯುವುದಿಲ್ಲ ಯಾಕೆ?’

‘ಎಳೆಯುವವನೂ ಹೆದರಿರುತ್ತಾನೆ’ ಎಂದು ದಂಟು ಎಸೆದರು.

ಅವರು ಹೇಳುವುದರಲ್ಲಿಯೂ ಹುರುಳಿದೆ. ಬಂದೋಬಸ್ತಿನವರನ್ನು ನಾನು ಹತ್ತಿರದಿಂದ ನೋಡುತ್ತೇನೆ, ಏಕೆಂದರೆ ಧರಣಿಯಲ್ಲಿ ಎಲ್ಲರಿಗಿಂತ ಮೊದಲು ಬರುವವರು ಅವರು ಮತ್ತು ನಾವು. ಮೇ ತಿಂಗಳ ನಮ್ಮ ಬಿಸಿಲು ನಲವತ್ತು ದಾಟಿರುತ್ತದೆ. ಹೆಲ್ಮೆಟ್, ಗುರಾಣಿ, ಎದೆಕವಚ ಹಾಕಿಕೊಂಡು ಬೆಳಗಿನಿಂದ ನಿಂತ ಹುಡುಗನಿಗೆ ನೆರಳಿಲ್ಲ. ಹೆಣ್ಣು ಕಾನ್‌ಸ್ಟೆಬಲ್‌ಗೆ ಶೌಚಕ್ಕೆ ಜಾಗವಿಲ್ಲ. ಎದುರಿನವರು ಅವನ ತಾಯಿಯನ್ನು ಬೈಯುತ್ತಾರೆ, ಅವನು ಬಾಯಿ ಮುಚ್ಚಿಕೊಂಡಿರಬೇಕು. ಸಂಘಟಕರೇನು ಕಡಿಮೆಯೇ? ಅರ್ಜಿಯಲ್ಲಿ ಇನ್ನೂರು ಜನ ಎಂದು ಬರೆದು ಎರಡು ಸಾವಿರ ಕರೆತರುತ್ತಾರೆ. ಒಂದು ಸಲ ರಸ್ತೆ ಕೆಲಸಕ್ಕೆ ಒಟ್ಟಿದ್ದ ಜಲ್ಲಿಕಲ್ಲಿನ ರಾಶಿಯ ಪಕ್ಕದಲ್ಲೇ ವೇದಿಕೆ ಹಾಕಿಸಿದರು. ಇಲ್ಲಿ ಬೇಡ ಎಂದು ನಾನು ಬಡಿದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಲ್ಲು ಹೋಗಿ ಕಾನ್‌ಸ್ಟೆಬಲ್ ಒಬ್ಬನ ಹುಬ್ಬು ಸೀಳಿತು. ನನ್ನ ಬ್ಯಾಟರಿಗೆಂದು ಇಟ್ಟಿದ್ದ ಡಿಸ್ಟಿಲ್ಡ್ ನೀರಿನಲ್ಲೇ ಅವನ ಕಣ್ಣು ತೊಳೆದೆವು. ಇಪ್ಪತ್ಮೂರು ಇಪ್ಪತ್ನಾಲ್ಕರ ಹುಡುಗ, ಅಫಜಲಪುರ ಕಡೆಯವನು. ‘ಕಾಕಾ, ಕಣ್ಣು ಹೋಯಿತಾ?’ ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

ವೇದಿಕೆಯ ಮೇಲಿನವರು ‘ನುಗ್ಗಿ’ ಎಂದಾಗ ಜ್ಯಾಕ್ ಕೀಳುವುದು ನನ್ನ ನಿಯಮ. ಮೂರು ಸಲ ಕಿತ್ತಿದ್ದೇನೆ, ಒಂದು ಸಲ ಪೆಟ್ಟು ತಿಂದಿದ್ದೇನೆ. ಆ ಪೆಟ್ಟು ಪೊಲೀಸರದ್ದಲ್ಲ.

ಇಲ್ಲಿ ಒಂದು ಮಾತು, ನಮ್ಮ ಸೀಮೆಯವರಿಗೆ ಮಾತ್ರ ಪೂರ್ತಿ ಅರ್ಥವಾಗುವುದು. ನಮ್ಮ ಅಜ್ಜಿ ವರ್ಷಗಳನ್ನು ಇಸವಿಯಿಂದ ಎಣಿಸುತ್ತಿರಲಿಲ್ಲ. ‘ಪೊಲೀಸ್ ಆ್ಯಕ್ಷನ್ ಆಗುವ ಮೊದಲು’, ‘ಪೊಲೀಸ್ ಆ್ಯಕ್ಷನ್ ಆದ ಮೇಲೆ’ ಎನ್ನುತ್ತಿದ್ದರು. 1948ರ ಸೆಪ್ಟೆಂಬರ್ 13ರಿಂದ 17ರ ತನಕ ಟ್ಯಾಂಕು ವಿಮಾನ ಸಮೇತ ಸೈನ್ಯ ಬಂದು ಹೈದರಾಬಾದ್ ಸಂಸ್ಥಾನವನ್ನು ಸೇರಿಸಿಕೊಂಡದ್ದಕ್ಕೆ ಸರ್ಕಾರ ಇಟ್ಟ ಹೆಸರು ಪೊಲೀಸ್ ಕಾರ್ಯಾಚರಣೆ. ಹಾಗಾಗಿ ಪೊಲೀಸ್ ಎಂಬ ಪದದ ಅಳತೆಯೇ ನಮ್ಮಲ್ಲಿ ಬೇರೆ. ಅದಕ್ಕೂ ಮೊದಲು, ನಿಜಾಮರ ಆಡಳಿತದಲ್ಲಿ, ಸಭೆ ಮಾಡಲು ಮುಂಚೆಯೇ ಅಪ್ಪಣೆ ಬೇಕೆನ್ನುವ ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಇತ್ತು. ಪ್ರತಿ ಸೆಪ್ಟೆಂಬರ್ 17ಕ್ಕೆ ಕಲ್ಯಾಣ ಕರ್ನಾಟಕ ಉತ್ಸವದ ಭಾಷಣಗಳಲ್ಲಿ ಆ ಕಾಲದ ದಬ್ಬಾಳಿಕೆಯ ಬಗ್ಗೆ ಬಹಳ ಕೇಳುತ್ತೇವೆ. ಭಾಷಣ ಮುಗಿಸಿ ಮರುದಿನ ನಾನು ಒಂದು ಧರಣಿಗೆ ಅನುಮತಿ ಪತ್ರ ಹಿಡಿದು ಕಚೇರಿಯಿಂದ ಕಚೇರಿಗೆ ಓಡಾಡುತ್ತೇನೆ. ಮುಖ್ಯ ಅರ್ಜಿ ಸಂಘಟಕರದ್ದು, ಧ್ವನಿವರ್ಧಕದ್ದು ಬೇರೆ. ಯಾವ ಕಾರಣಕ್ಕೆ ಕೊಡುತ್ತಾರೆ, ಯಾವ ಕಾರಣಕ್ಕೆ ಕೊಡುವುದಿಲ್ಲ ಎಂಬುದನ್ನು ಕಾಗದದ ಮೇಲೆ ಬರೆದು ಕೊಟ್ಟದ್ದು ಅಪರೂಪ. ‘ನೋಡೋಣ, ಸಂಜೆ ಬಾ’ ಎಂಬುದೇ ಆದೇಶ. ಅಹಮದಾಬಾದಿನ ಹಿಮ್ಮತ್‌ಲಾಲ್ ಶಾಹ ಅವರ ಪ್ರಕರಣದಲ್ಲಿ, ಅನುಮತಿ ನಿರಾಕರಿಸಲು ಆಧಾರ ಯಾವುದೆಂದು ಹೇಳದೆ ಅಧಿಕಾರಿಯ ಮರ್ಜಿಗೆ ಬಿಟ್ಟ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿ ಐವತ್ತು ವರ್ಷ ಕಳೆದಿದೆ. ಬೀದಿಯಲ್ಲಿ ಸಭೆ ನಡೆಸುವುದನ್ನು ನಿಯಂತ್ರಿಸಬಹುದು, ಮನಸ್ಸಿಗೆ ಬಂದಂತೆ ಇಲ್ಲವೆನ್ನಲು ಬಾರದು ಎಂಬುದು ಅದರ ಸಾರ. ಬೆಂಗಳೂರಿನಲ್ಲಿ 2019ರ ಡಿಸೆಂಬರಿನಲ್ಲಿ ಹೊರಡಿಸಿದ 144ರ ಆದೇಶವನ್ನು ನಮ್ಮ ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು. ಹೌದು, ಆದೇಶದ ಅವಧಿ ಎಂದೋ ಮುಗಿದಿತ್ತು. ಕೋರ್ಟಿನ ಮಾತು ಬರುವ ಹೊತ್ತಿಗೆ ಪೆಟ್ಟು ತಿಂದವನ ಬಾವು ಇಳಿದಿರುತ್ತದೆ.

ಕಾಗದದ ಮೇಲೆ ಎಲ್ಲವನ್ನೂ ಬರೆದು ಕೊಟ್ಟ ಒಂದು ಉದಾಹರಣೆ ಮಾತ್ರ ನಮ್ಮ ಜಿಲ್ಲೆಯದೇ ಇದೆ. 2025ರ ಅಕ್ಟೋಬರಿನಲ್ಲಿ ಚಿತ್ತಾಪುರದಲ್ಲಿ ಪಥಸಂಚಲನಕ್ಕೆ ಆರೆಸ್ಸೆಸ್ ಅನುಮತಿ ಕೇಳಿತು, ಅದೇ ದಿನ ಮೆರವಣಿಗೆ ಮಾಡುತ್ತೇವೆಂದು ಬೇರೆ ಸಂಘಟನೆಗಳೂ ಕೇಳಿದವು, ತಹಶೀಲ್ದಾರರು ಆಗದೆಂದರು, ವಿಷಯ ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಹೋಯಿತು. ಶಾಂತಿಸಭೆಗಳು ನಡೆದು ಕೊನೆಗೆ ನವೆಂಬರ್ 16ಕ್ಕೆ 300 ಜನ, ವಾದ್ಯದವರು 50 ಎಂದು ಮಿತಿ ಹಾಕಿ ನಡೆಸಿದರು. ಯಾರು ಸರಿ ಯಾರು ತಪ್ಪು ಎಂದು ನಾನು ಇಲ್ಲಿ ಬರೆದರೆ ನಾಳೆ ಅರ್ಧ ಗಿರಾಕಿಗಳು ಬರುವುದಿಲ್ಲ, ಬರೆಯುವುದಿಲ್ಲ. ವಾದ್ಯದವರನ್ನು ತಲೆ ಎಣಿಸಿ ಐವತ್ತು ಎಂದು ಬರೆದದ್ದು ಮಾತ್ರ, ಇದೇ ಕಸುಬಿನವನಾದ ನನಗೆ ಬಹಳ ಹಿಡಿಸಿತು. ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು. ದೊಡ್ಡ ಸಂಘಟನೆಗೆ, ದೊಡ್ಡ ವಕೀಲರಿಗೆ, ಹೈಕೋರ್ಟಿಗೆ ಹೋದ ಮೇಲೆ ಸಿಕ್ಕ ಈ ಲೆಕ್ಕಾಚಾರ, ರೊಟ್ಟಿ ಗಂಟಿನೊಂದಿಗೆ ಬಂದ ಕೂಲಿಯವರಿಗೆ ಠಾಣೆಯ ಬಾಗಿಲಲ್ಲೇ ಏಕೆ ಸಿಗಬಾರದು?

ಜುಲೈ 21ಕ್ಕೆ ರೈತ ಹುತಾತ್ಮರ ದಿನದ ಕಾರ್ಯಕ್ರಮಕ್ಕೆ ಪ್ರತಿ ವರ್ಷ ಮೈಕ್ ಹಾಕುತ್ತೇನೆ. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್ ಆದ ದಿನ ಅದು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗುಂಡು ಹಾರಿದ್ದನ್ನೂ ಅಲ್ಲಿ ನೆನೆಯುತ್ತಾರೆ. ಒಂದು ವರ್ಷ ಭಾಷಣಕಾರರೊಬ್ಬರು, ಹೊಲದಲ್ಲಿ ನೀರು ಹಾಯಿಸುವವನು ಮಡಿಯ ಕಡೆ ನೋಡುತ್ತಾ ಒಡ್ಡು ಮರೆತರೆ ಹೊಲ ಕೊಚ್ಚಿಹೋಗುತ್ತದೆ, ಗುಂಡೂ ಹಾಗೆಯೇ, ಮೊದಲಿನ ಹತ್ತು ಸಣ್ಣ ತಪ್ಪು ತಿದ್ದದಿದ್ದರೆ ಹನ್ನೊಂದನೆಯದು ಅದು ಎಂದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಊಟದ ಹೊತ್ತಾಗಿತ್ತು. ನನಗೆ ಆ ಮಾತು ಉಳಿಯಿತು.

ಇಷ್ಟೆಲ್ಲ ಬರೆದ ಮೇಲೆ ವಹಿಯಲ್ಲಿ ಕಂಡ ಇನ್ನೊಂದನ್ನೂ ಬರೆಯದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಅಂಗನವಾಡಿ ಕಾರ್ಯಕರ್ತೆಯರು ಮಿನಿ ವಿಧಾನಸೌಧದ ಎದುರು ರಾತ್ರಿಯಿಡೀ ಕೂತಿದ್ದ ದಿನದ ಷರಾ: ‘9.55ಕ್ಕೆ ಬಂದ್ ಮಾಡಿದೆ.’ ಹತ್ತಕ್ಕೆ ಇನ್ನೂ ಐದು ನಿಮಿಷ ಇತ್ತು. ಒಬ್ಬ ಅಕ್ಕ ಹಾಡುತ್ತಿದ್ದರು, ಕೊನೆಯ ಚರಣ ಬಾಕಿ ಇತ್ತು. ‘ನಿಯಮ ಅಕ್ಕಾ, ನಾನೇನು ಮಾಡಲಿ’ ಎಂದು ನಾನೇ ಸ್ವಿಚ್ ಒತ್ತಿದ್ದೆ. ಅವರು ಹಾರ್ನ್ ಇಲ್ಲದೆಯೇ ಹಾಡು ಮುಗಿಸಿದರು. ಮೇಲೆ ಹೇಳಿದ ಹುಟ್ಟುಹಬ್ಬದ ದಿನದ ಷರಾ: ‘12.20. ಬಾಡಿಗೆ ಪೂರ್ತಿ.’ ಅವತ್ತು ಯಾವ ಪೊಲೀಸರೂ ಬಂದ್ ಮಾಡು ಎನ್ನಲಿಲ್ಲ, ನಾನೂ ಮಾಡಲಿಲ್ಲ. ಹತ್ತೂವರೆಗೆ ಒಮ್ಮೆ ಸ್ವಿಚ್ಚಿನ ಮೇಲೆ ಕೈ ಇಟ್ಟದ್ದು ನೆನಪಿದೆ. ಸುತ್ತ ಕುಣಿಯುತ್ತಿದ್ದವರ ಮುಖ ನೋಡಿ ಕೈ ತೆಗೆದೆ. ಇಂಥವು ಎರಡಲ್ಲ, ಪುಟಕ್ಕೊಂದು ಸಿಗುತ್ತವೆ. ಬಲ ಇದ್ದವನ ಎದುರು ನನ್ನ ಗಡಿಯಾರ ನಿಧಾನ, ಇಲ್ಲದವರ ಎದುರು ಐದು ನಿಮಿಷ ಮುಂದೆ. ನನ್ನ ಕೈಯಲ್ಲಿದ್ದದ್ದು ಒಂದು ಸ್ವಿಚ್ಚು. ಲಾಠಿ ಇದ್ದಿದ್ದರೆ ಏನಾಗುತ್ತಿತ್ತೋ.

ಭಾವನಿಗೆ ಇದನ್ನು ಹೇಳಿದೆ. ‘ಈಗ ನಿನಗೆ ತಿಳಿಯಿತು’ ಎಂದರು. ಏನು ತಿಳಿಯಿತು ಎಂದು ಕೇಳಿದ್ದಕ್ಕೆ ಉತ್ತರ ಹೇಳಲಿಲ್ಲ, ಸುಣ್ಣದ ಡಬ್ಬಿ ಹುಡುಕಲು ಒಳಗೆ ಹೋದರು.

ಈಗ ಅಂಗಡಿಯಲ್ಲಿ ಎರಡು ಬದಲಾವಣೆ ಮಾಡಿದ್ದೇನೆ. ಗೋಡೆಯ ಮೇಲೆ ‘ರಾತ್ರಿ 10ಕ್ಕೆ ಬಂದ್, ಎಲ್ಲರಿಗೂ’ ಎಂದು ಪೇಂಟರ್ ಕೈಯಲ್ಲಿ ಬರೆಸಿದೆ. ‘ಎಲ್ಲರಿಗೂ’ ಎಂಬುದನ್ನು ಕೆಂಪಿನಲ್ಲಿ. ಇದರಿಂದ ಈಗಾಗಲೇ ಎರಡು ಮದುವೆ ಮೆರವಣಿಗೆ ಮತ್ತು ಒಂದು ಹುಟ್ಟುಹಬ್ಬ ಕೈತಪ್ಪಿದೆ, ಹೆಂಡತಿಯ ಮಾತು ಬೇರೆ ಕೇಳಬೇಕಾಯಿತು. ಎರಡನೆಯದು, ಯಾವ ಧರಣಿಗೆ ಸೆಟ್ ಕಳಿಸಿದರೂ ಜೊತೆಗೆ ಒಂದು ಕಾರ್ಡ್‌ಲೆಸ್ ಮೈಕ್ ಹೆಚ್ಚಿಗೆ ಇಟ್ಟು ಕಳಿಸುತ್ತೇನೆ. ಅದರ ಬಾಡಿಗೆ ಯಾರಿಗೂ ಹಾಕುವುದಿಲ್ಲ. ಬಂದೋಬಸ್ತಿನ ಅಧಿಕಾರಿ ಬಂದಾಗ ಹುಡುಗ ಹೋಗಿ ಹೇಳಬೇಕು: ‘ಸಾಹೇಬರೇ, ನಿಮಗೇನಾದರೂ ಹೇಳುವುದಿದ್ದರೆ ಇದರಲ್ಲಿ ಹೇಳಿ, ಹಿಂದಿನ ಸಾಲಿನ ತನಕ ಕೇಳುತ್ತದೆ.’ ಮೊದಲ ಸಲ ಹುಡುಗ ಬೈಸಿಕೊಂಡು ಬಂದ. ಎರಡನೆಯ ಸಲ ಸಂಘಟಕರೇ ‘ನೀನು ಯಾರ ಕಡೆಯವನು?’ ಎಂದು ನನ್ನನ್ನು ಕೇಳಿದರು. ಮೂರನೆಯ ಸಲ ಒಬ್ಬ ಸಬ್ ಇನ್‌ಸ್ಪೆಕ್ಟರ್ ಸುಮ್ಮನೆ ತೆಗೆದುಕೊಂಡು ಜೇಬಿಗೆ ಸಿಕ್ಕಿಸಿಕೊಂಡರು. ಎರಡು ತಾಸು ಏನೂ ನಡೆಯಲಿಲ್ಲ. ಆಮೇಲೆ ಗುಂಪು ಬ್ಯಾರಿಕೇಡ್ ಹತ್ತಿರ ಬಂದಾಗ ಅದರಲ್ಲಿ ನಾಲ್ಕು ಮಾತು ಹೇಳಿದರು, ಸ್ವಲ್ಪ ಒರಟಾಗಿಯೇ. ಹಿಂದಿನ ಸಾಲಿನವರು ‘ಏನಂತೆ?’ ಎಂದು ಯಾರನ್ನೂ ಕೇಳಲಿಲ್ಲ. ಗುಂಪು ಬೈಯುತ್ತಾ ಹಿಂದೆ ಸರಿಯಿತು.

ಸಂಜೆ ಮೈಕ್ ವಾಪಸು ಬಂತು. ಅದರೊಳಗಿನ ಎರಡು ಸೆಲ್ ಬರಲಿಲ್ಲ. ಷರಾದಲ್ಲಿ ಬರೆದಿದ್ದೇನೆ: ‘ಸೆಲ್ 2, ಪೊಲೀಸ್ ಬಾಕಿ.’